ಕ್ಯಾಲ್ಸಿಯಂ ಇಲ್ಲದ ನೀರು

ಹೆಂಡತಿಯ ಉತ್ತರಕ್ರಿಯೆ ಮುಗಿಸಿ ನಾನು ಕೆಲಸಕ್ಕೆ ಮರಳಿದ ದಿನವೇ ಆ ಸೂಕ್ಷ್ಮದರ್ಶಕ ಬಂತು. ಪುತ್ತೂರಿನ ದರ್ಬೆಯಲ್ಲಿ ನಮ್ಮದೊಂದು ಸಣ್ಣ ಸಂಶೋಧನಾ ಕೇಂದ್ರ. ಕೆಳಗೆ ಟೈಲ್ಸ್ ಅಂಗಡಿ, ಮೇಲಿನ ಮಹಡಿಯಲ್ಲಿ ನಾವು. ಮೆಟ್ಟಿಲು ಕಿರಿದು, ಪೆಟ್ಟಿಗೆ ತಿರುವಿನಲ್ಲಿ ಸಿಕ್ಕಿಕೊಂಡಿತು. ಹೊರುವವರು ಗೋಡೆಗೆ ತಾಗಿಸಿದರೆ ಒಳಗಿನ ಕನ್ನಡಿಗಳ ಕತೆ ಮುಗಿದಂತೆ. "ಹೋಯ್, ಬಲಕ್ಕೆ ಮಾರಾಯ್ರೆ, ಬಲಕ್ಕೆ!" ಎಂದು ನಾನು ಬೊಬ್ಬೆ ಹೊಡೆದೆ. ಹದಿನಾರು ದಿನಗಳಲ್ಲಿ ನನ್ನ ಬಾಯಿಂದ ಹೊರಟ ಮೊದಲ ದೊಡ್ಡ ಮಾತು ಅದು. ಮನೆಗೆ ಬಂದವರೆಲ್ಲ ಅತ್ತು ಹೋಗಿದ್ದರು, ನಾನು ಅತ್ತಿರಲಿಲ್ಲ. ತಡೆದುಕೊಂಡದ್ದೂ ಅಲ್ಲ. ಬರಲಿಲ್ಲ, ಅಷ್ಟೇ.

ಆ ಯಂತ್ರವನ್ನು ದೂರದ ಒಂದು ಸಂಸ್ಥೆ ಮೂರು ತಿಂಗಳ ಮಟ್ಟಿಗೆ ಎರವಲು ಕೊಟ್ಟಿತ್ತು. ಅವಧಿ ಮುಗಿದ ದಿನ ಅದೇ ಪೆಟ್ಟಿಗೆಯಲ್ಲಿ ವಾಪಸು. ತರಿಸಿದವರು ನಮ್ಮ ಸಂಶೋಧಕಿ, ನಾನು ಮೇಡಂ ಎಂದು ಕರೆಯುವ ಚಿಕ್ಕ ಪ್ರಾಯದ ಡಾಕ್ಟರು. ಪುತ್ತೂರಿನದೇ ಬ್ಯಾರಿ ಮುಸ್ಲಿಮರ ಮನೆತನ, ಮನೆಯವರದ್ದು ಬಟ್ಟೆ ವ್ಯಾಪಾರ. ಆಸ್ಪತ್ರೆಯ ಕೆಲಸ ಬಿಟ್ಟು ಐದು ವರ್ಷದಿಂದ ಪಿಎಚ್.ಡಿ.ಗೆ ಹೆಣಗುತ್ತಿದ್ದರು. ವಿಶ್ವವಿದ್ಯಾಲಯ ಕೊಟ್ಟ ಕೊನೆಯ ವಿಸ್ತರಣೆ ಆ ವರ್ಷಕ್ಕೆ ಮುಗಿಯುತ್ತಿತ್ತು. ಯಂತ್ರ ಹೋಗುವುದರೊಳಗೆ ಅವರ ಅಳತೆಗಳು ಆಗದಿದ್ದರೆ ಐದು ವರ್ಷದ ದುಡಿಮೆ ನೀರಲ್ಲಿ ಮಾಡಿದ ಹೋಮ. ಇದು ನಮ್ಮಲ್ಲಿ ನೆಲ ಒರೆಸುವವರಿಗೂ ಗೊತ್ತಿತ್ತು.

ನಾನು ಅಲ್ಲಿ ತಂತ್ರಜ್ಞ, ಇಪ್ಪತ್ತೆರಡು ವರ್ಷವಾಯಿತು. ದ್ರಾವಣ ಮಾಡುವುದು, ಹೃದಯ ತರುವುದು, ಅದರಿಂದ ಜೀವಂತ ಕೋಶಗಳನ್ನು ಬಿಡಿಸಿ ಕೊಡುವುದು ನನ್ನ ಪಾಲು. ನೋಡುವುದು, ಅಳೆಯುವುದು, ಬರೆಯುವುದು ಓದಿದವರ ಪಾಲು. ಯಾರಾದರೂ ಬಾಟಲಿಯ ಮುಚ್ಚಳ ತೆರೆದಿಟ್ಟರೆ, ತಕ್ಕಡಿಯ ಮೇಲೆ ಉಪ್ಪು ಚೆಲ್ಲಿದರೆ ನಾನು ಬಿಡುವವನಲ್ಲ. ನನ್ನ ಬಾಯಿಗೆ ಹೆದರಿ ಕೆಲವರು ತಕ್ಕಡಿಯ ಹತ್ತಿರವೇ ಸುಳಿಯುತ್ತಿರಲಿಲ್ಲ. ನನ್ನ ಕೈಯ ದ್ರಾವಣದಲ್ಲಿ ತಪ್ಪಿರುವುದಿಲ್ಲ ಎಂಬ ಅಹಂಕಾರ ನನಗಿತ್ತು, ಸುತ್ತಲಿನವರೂ ಅದನ್ನೇ ಹೇಳಿ ಹೇಳಿ ನನ್ನನ್ನು ಅಟ್ಟಕ್ಕೇರಿಸಿದ್ದರು.

ಯಂತ್ರ ಜೋಡಿಸಿದ ಮೇಲೆ ಮೇಡಂ ಒಂದು ಕಾಗದದಲ್ಲಿ ಚಿತ್ರ ಬಿಡಿಸಿ ವಿಷಯ ವಿವರಿಸಿದರು. ಹೃದಯದ ಸ್ನಾಯುಕೋಶ ಉದ್ದನೆಯ ಇಟ್ಟಿಗೆಯ ಆಕಾರದ್ದು. ಅದರ ಹೊರಪೊರೆ ಸಾಲುಸಾಲಾಗಿ ಒಳಕ್ಕೆ ತೂರಿ, ಕಣ್ಣಿಗೆ ಕಾಣದಷ್ಟು ಸಣ್ಣ ನಾಳಗಳಾಗಿ ನಡುವಿನವರೆಗೂ ಹೋಗಿರುತ್ತದೆ. ಅವಕ್ಕೆ ಅಡ್ಡನಾಳಗಳು ಎನ್ನುತ್ತಾರೆ. ಬಡಿತದ ವಿದ್ಯುತ್ ಸಂಕೇತ ಆ ನಾಳಗಳ ಮೂಲಕ ಹೊರಗೂ ಒಳಗೂ ಒಟ್ಟಿಗೇ ಮುಟ್ಟುತ್ತದೆ. ನಾಳಗಳ ಪಕ್ಕದಲ್ಲಿ ಕ್ಯಾಲ್ಸಿಯಂ ತುಂಬಿದ ಚೀಲಗಳಿವೆ. ಸಂಕೇತ ಬಂದಾಗ ಹೊರಗಿನಿಂದ ಚೂರು ಕ್ಯಾಲ್ಸಿಯಂ ಒಳಗೆ ಬರುತ್ತದೆ, ಅದು ತಾಗಿದ್ದೇ ಚೀಲಗಳು ತಮ್ಮಲ್ಲಿದ್ದದ್ದನ್ನು ಬಿಡುತ್ತವೆ. ಕ್ಯಾಲ್ಸಿಯಂ ಏರಿದಾಗ ಕೋಶ ಕುಗ್ಗುತ್ತದೆ, ಇಳಿದಾಗ ಸಡಿಲವಾಗುತ್ತದೆ. ಬಡಿತವೆಂದರೆ ಇಷ್ಟೇ.

"ತೋಟಕ್ಕೆ ನೀರು ಬಿಡುವ ಕಣಿಯ ಹಾಗೆ," ಎಂದೆ ನಾನು. ನನ್ನದು ಮೂಲ ಅಡಿಕೆ ತೋಟಗಳ ಹಳ್ಳಿ ಆಲೆಟ್ಟಿ, ನನಗೆ ಹೊಳೆಯುವುದು ಅಂಥದ್ದೇ. "ಕಣಿ ಮುಚ್ಚಿಹೋದ್ರೆ ಬದಿಯ ಗಿಡಗಳಿಗೆ ಮಾತ್ರ ನೀರು."

"ಸರಿಯಾಗಿ ಹೇಳಿದ್ರಿ ಅಣ್ಣ. ಹೃದಯ ದೊಡ್ಡದಾಗಿ ಬಲ ಕಳಕೊಂಡವರಲ್ಲಿ ಈ ನಾಳಗಳೇ..." ಎಂದವರು ಅಲ್ಲಿಗೇ ನಿಲ್ಲಿಸಿದರು. ನನ್ನ ಹೆಂಡತಿಯ ವರದಿಯಲ್ಲೂ ಇದ್ದದ್ದು ಅದೇ ಮಾತು: ಹೃದಯ ದೊಡ್ಡದಾಗಿದೆ, ಬಲ ಕಡಿಮೆ. "ಸಾರಿ ಅಣ್ಣ, ನಾನು ಯೋಚನೆ ಮಾಡ್ಲಿಲ್ಲ."

"ಪರವಾಗಿಲ್ಲ ಮೇಡಂ, ಮುಂದೆ ಹೇಳಿ," ಎಂದೆ. ನಿಜಕ್ಕೂ ನನಗೆ ಏನೂ ಅನ್ನಿಸಿರಲಿಲ್ಲ. ಆ ಹೊತ್ತಿಗೆ ನಾನು ಕಿಣ್ವದ ಬಾಟಲಿ ಎಷ್ಟು ಉಳಿದಿದೆ ಎಂದು ಲೆಕ್ಕ ಹಾಕುತ್ತಿದ್ದೆ.

ನಾವು ಬಳಸುತ್ತಿದ್ದದ್ದು ಆಡಿನ ಹೃದಯ. ಪುತ್ತೂರಿನಲ್ಲಿ ಮಾಂಸದ ಅಂಗಡಿಯ ಹಿರಿಯ ಬ್ಯಾರಿಯೊಬ್ಬರು ಕೊಡುತ್ತಿದ್ದರು. ನಾನು ಅವರನ್ನು ಕಾಕ ಎನ್ನುತ್ತೇನೆ, ಅವರು ನನ್ನನ್ನು ಗೌಡ್ರೆ ಎನ್ನುತ್ತಾರೆ, ಮಾತೆಲ್ಲ ತುಳುವಿನಲ್ಲಿ. ಕುತ್ತಿಗೆ ಕೊಯ್ದ ಮೇಲೆ ಆಡಿನ ಪ್ರಾಣ ಪೂರ್ತಿ ಹೋಗುವವರೆಗೆ ಅವರು ಚರ್ಮಕ್ಕೆ ಕೈ ಹಾಕುವವರಲ್ಲ. ನನಗಾದರೋ ಒಂದೊಂದು ನಿಮಿಷವೂ ಬೇಕು. ಈ ಬಗ್ಗೆ ಹಿಂದೆ ಇಬ್ಬರೂ ಸಾಕಷ್ಟು ವಾದಿಸಿದ್ದೆವು. "ಅದರ ಜೀವ ಇನ್ನೂ ಇರುವಾಗ ನಾನು ಮುಟ್ಟುದಿಲ್ಲ ಗೌಡ್ರೆ, ನಿಮ್ಮ ಸಾಯನ್ಸು ಸ್ವಲ್ಪ ಕಾಯ್ಲಿ," ಎಂದು ಅವರು, ಕಾಯುವುದು ನಾನು. ಆದರೆ ಕಾದ ಮೇಲೆ ಅವರ ಕೈ ಎಷ್ಟು ಚುರುಕೆಂದರೆ, ನಾನು ಡಬ್ಬಿಯ ಮುಚ್ಚಳ ತೆಗೆಯುವುದರೊಳಗೆ ಹೃದಯ ಹೊರಗೆ ಬಂದಿರುತ್ತಿತ್ತು. ಗಿರಾಕಿಗಳಿಗಾದರೆ ಸೀಳಿ ತೊಳೆದು ಕೊಡುವ ವಾಡಿಕೆ. ನನಗೆ ಮಾತ್ರ ಸೀಳದೆ, ದೊಡ್ಡ ರಕ್ತನಾಳವನ್ನು ಎರಡು ಬೆರಳು ಉದ್ದ ಬಿಟ್ಟು, ತೊಳೆಯದೆ ಮಂಜುಗಡ್ಡೆಯಲ್ಲಿಟ್ಟ ದ್ರಾವಣಕ್ಕೆ ಹಾಕುತ್ತಿದ್ದರು.

ಡಬ್ಬಿ ಹಿಡಿದು ಹತ್ತು ನಿಮಿಷದಲ್ಲಿ ನಾನು ದರ್ಬೆಯಲ್ಲಿ. ಹೃದಯದ ಎಡಭಾಗದ ಒಂದು ತುಂಡನ್ನು ಅದರ ರಕ್ತನಾಳ ಸಮೇತ ಕತ್ತರಿಸಿ, ನಾಳಕ್ಕೆ ಸಣ್ಣ ನಳಿಗೆ ಕಟ್ಟಿ, ಬಿಸಿ ಮಾಡಿದ ದ್ರಾವಣ ಹರಿಸಬೇಕು. ಮೊದಲನೆಯದು ಕ್ಯಾಲ್ಸಿಯಂ ಚೂರೂ ಇಲ್ಲದ ದ್ರಾವಣ. ಕೋಶ ಕೋಶವನ್ನು ಹಿಡಿದುಕೊಂಡಿರುವುದು ಕ್ಯಾಲ್ಸಿಯಂ ಇರುವವರೆಗೆ ಮಾತ್ರ. ಅದು ಹೋದರೆ ಹಿಡಿತ ಸಡಿಲ. ಆಮೇಲೆ ಕಿಣ್ವ ಹರಿಸಿದರೆ ಅಂಟು ಕರಗುತ್ತದೆ, ಮಾಂಸ ಮೆದುವಾಗುತ್ತದೆ. ಕತ್ತರಿಸಿ, ಅಲ್ಲಾಡಿಸಿ, ಸೋಸಿದರೆ ಬಿಡಿ ಕೋಶಗಳು. ಅವಕ್ಕೆ ಕ್ಯಾಲ್ಸಿಯಂ ಮರಳಿ ಕೊಡುವಾಗ ಅವಸರ ಮಾಡಬಾರದು. ಒಮ್ಮೆಲೇ ಕೊಟ್ಟರೆ ಕೋಶ ಮುದುಡಿ ಉಂಡೆಯಾಗಿ ಸಾಯುತ್ತದೆ. ಹಾಗಾಗಿ ಹನಿ ಹನಿಯಾಗಿ ಕೊಟ್ಟು ಕಾಯಬೇಕು, ಮತ್ತೆ ಕೊಟ್ಟು ಮತ್ತೆ ಕಾಯಬೇಕು. ಹೆಂಡತಿ ಕಾಯಿಲೆ ಬೀಳುವ ಮೊದಲು ಎರಡು ಹೃದಯಗಳಲ್ಲಿ ಇದನ್ನು ಮಾಡಿ ನೋಡಿದ್ದೆವು. ಹಳೆಯ ಸೂಕ್ಷ್ಮದರ್ಶಕದ ಕೆಳಗೆ ಕೋಶಗಳು ಚೂಪು ಮೂಲೆಗಳ ಇಟ್ಟಿಗೆಗಳಾಗಿ ಮಲಗಿದ್ದವು.

ಈಗ ಮಾಡಿದರೆ ಆಗಲಿಲ್ಲ.

ಮೊದಲ ಹೃದಯದ ಮಾಂಸ ಮೆದುವಾಗಲೇ ಇಲ್ಲ. ಸೋಸಿದರೆ ಗಂಟು ಗಂಟು. ಬಂದ ಕೋಶಗಳಲ್ಲಿ ಹೆಚ್ಚಿನವು ಉಂಡೆ, ಬದುಕಿದ ಕೆಲವುಗಳ ಮೂಲೆಗಳೂ ಮೊಂಡು. ಎರಡನೆಯದೂ ಹಾಗೆಯೇ. ಮೂರನೆಯದಕ್ಕೆ ಹೊಸ ಕಿಣ್ವ ತರಿಸಿದೆವು. ನಾಲ್ಕನೆಯದಕ್ಕೆ ನೀರು ಶುದ್ಧ ಮಾಡುವ ಯಂತ್ರದ ಸೋಸುಪಟ್ಟಿ ಬದಲಿಸಿದೆವು. ತಾಪಮಾನ ನೋಡಿದೆವು, ನಳಿಗೆಗಳನ್ನು ಆಮ್ಲದಲ್ಲಿ ತೊಳೆದೆವು. ವಾರಕ್ಕೊಂದು ಹೃದಯ, ವಾರಕ್ಕೊಂದು ಸೋಲು. ನಾನು ಬೆಳಿಗ್ಗೆ ಹೋಗುತ್ತಿದ್ದೆ, ಮಾಡಬೇಕಾದ್ದು ಮಾಡುತ್ತಿದ್ದೆ, ಪುಸ್ತಕದಲ್ಲಿ 'ಇಳುವರಿ ಕಡಿಮೆ' ಎಂದು ಬರೆದು ಸಂಜೆ ಮನೆಗೆ ಬರುತ್ತಿದ್ದೆ. ಹಿಂದೆಯಾಗಿದ್ದರೆ ಇಂಥ ಸೋಲಿಗೆ ನನಗೆ ಊಟ ಸೇರುತ್ತಿರಲಿಲ್ಲ. ಈಗ ಊಟವೂ ಸೇರುತ್ತಿತ್ತು, ರುಚಿ ಮಾತ್ರ ಗೊತ್ತಾಗುತ್ತಿರಲಿಲ್ಲ.

ನಾಲ್ಕು ಹೃದಯ ಕೈಕೊಟ್ಟ ಮೇಲೆ ನಮ್ಮ ಮುಖ್ಯಸ್ಥರು, ಮೇಡಂಗೆ ಮಾರ್ಗದರ್ಶಕರೂ ಅವರೇ, ನನ್ನನ್ನು ಕರೆದರು. "ಅಂಗಡಿಯವರು ಮೊದಲೇ ಸತ್ತದ್ದೋ ಕಾಯಿಲೆಯದ್ದೋ ಕೊಡ್ತಿದ್ದಾರಾ ಅಂತ ಒಮ್ಮೆ ಕೇಳಿ ನೋಡಿ," ಎಂದರು. ಕೇಳಬಾರದ ಪ್ರಶ್ನೆ ಅದು. ಕೊಯ್ಯುವ ಮೊದಲೇ ಸತ್ತ ಪ್ರಾಣಿಯನ್ನು ಮಾರುವುದೆಂದರೆ ಅವರ ಧರ್ಮಕ್ಕೂ ಕಸುಬಿಗೂ ಎರಡಕ್ಕೂ ದ್ರೋಹ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಹೋಗಿ, ಗಿರಾಕಿಗಳು ನಿಂತಿರುವಾಗಲೇ, ಬಸ್ಸಿನ ಸಮಯ ಕೇಳುವವನ ಹಾಗೆ ಕೇಳಿದೆ.

ಕಾಕನ ಕತ್ತಿ ಹಲಗೆಯ ಮೇಲೆ ನಿಂತಿತು. "ಎಂತ ಹೇಳಿದ್ರಿ ಗೌಡ್ರೆ?"

ನಾನು ಇನ್ನೊಮ್ಮೆ ಹೇಳಿದೆ.

"ನಿಮ್ಮ ಮನೆಯಲ್ಲಿ ಸಾವಾಗಿದೆ ಅಂತ ಸುಮ್ಮನಿದ್ದೇನೆ," ಎಂದರು ಅವರು. "ಇನ್ನು ನಿಮ್ಮ ಡಬ್ಬಿ ಇಲ್ಲಿಗೆ ತರುದು ಬೇಡ."

ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಆಗಬೇಕಿತ್ತು ಎಂಬುದು ಮಾತ್ರ ತಲೆಗೆ ಗೊತ್ತಾಯಿತು.

ಆಮೇಲೆ ಕಡಬ ಕಡೆಯ ಪೆರಾಬೆಯಲ್ಲಿ ಮೇಡಂ ಅವರ ಸಂಬಂಧಿಕರೊಬ್ಬರಿಂದ ಹೃದಯ ತರತೊಡಗಿದೆವು. ಅವರು ತಾವೇ ಆಡು ಸಾಕಿ ಕೊಯ್ಯುವವರು. ದಾರಿಗೇ ಮುಕ್ಕಾಲು ಗಂಟೆ. ಮಂಜುಗಡ್ಡೆಯಲ್ಲಿಟ್ಟ ಹೃದಯ ಅಷ್ಟು ತಡೆಯುತ್ತದೆ, ತಡೆಯಬೇಕು. ಐದು, ಆರು, ಏಳು. ಅದೇ ಗಂಟು, ಅದೇ ಉಂಡೆ. ಎಂಟನೆಯದರ ದಿನ ನನಗೆ ಜ್ವರ ಬಂದು ಮಲಗಿದ್ದೆ. ಮೇಡಂ ಒಬ್ಬರೇ ಎಲ್ಲ ಮಾಡಿಕೊಂಡರು. ಒಂಬತ್ತಕ್ಕೆ ನಾನು ಮತ್ತೆ ಹಾಜರು.

ಹತ್ತನೆಯದರ ಹೊತ್ತಿಗೆ ಮೇಡಂ ಬೇರೆ ದಾರಿ ಹಿಡಿದಿದ್ದರು. ಬದುಕಿ ಉಳಿದ ಕೆಲವೇ ಕೋಶಗಳನ್ನು ಅಳೆಯುತ್ತಾ ಹೋದರೆ ಎಲ್ಲದರಲ್ಲೂ ಒಂದೇ ಚಿತ್ರ: ಅಡ್ಡನಾಳಗಳು ಅಲ್ಲೊಂದು ಇಲ್ಲೊಂದು, ಕ್ಯಾಲ್ಸಿಯಂ ಅಂಚಿನಲ್ಲಿ ಬೇಗ ಏರುತ್ತದೆ, ನಡುವಿನಲ್ಲಿ ತಡವಾಗಿ. ಆಡಿನ ಹೃದಯದಲ್ಲಿ ನಾಳಗಳು ಹುಟ್ಟಿನಿಂದಲೇ ವಿರಳವಿರಬಹುದು ಎಂದು ಅವರು ಬರೆದರು. ಮುಖ್ಯಸ್ಥರಿಗೆ ಖುಷಿಯೋ ಖುಷಿ. "ಇದು ಹೊಸ ವಿಷಯ ಆಯ್ತಲ್ಲ! ಸೋಲಿನಲ್ಲೇ ಸಿಕ್ಕಿತು ನೋಡಿ," ಎಂದರು. ಹನ್ನೊಂದನೆಯ ಹೃದಯದೊಂದಿಗೆ ಪ್ರಯೋಗ ಸಾಕು ಎಂದಾಯಿತು. ಯಂತ್ರ ಹೋಗಲು ಇನ್ನೂ ಹತ್ತು ದಿನವಿತ್ತು.

ಕೋಷ್ಟಕಗಳನ್ನು ನನ್ನ ದಿನಚರಿ ಪುಸ್ತಕದೊಂದಿಗೆ ತಾಳೆ ನೋಡುವ ಕೆಲಸ ನನಗೆ ಬಂತು. ನೋಡುತ್ತಾ ಹೋದಾಗ ಎಂಟನೆಯ ಹೃದಯದ ಸಾಲಿಗೆ ಅಡ್ಡಗೆರೆ ಎಳೆದಿತ್ತು. ಪಕ್ಕದಲ್ಲಿ ಮೇಡಂ ಅಕ್ಷರ: 'ಉಳಿದವುಗಳಿಗೆ ಹೊಂದುವುದಿಲ್ಲ, ಬಿಟ್ಟಿದೆ.' ಆ ದಿನ ಇಳುವರಿ ಚೆನ್ನಾಗಿತ್ತು. ಕೋಶಗಳು ಚೂಪು, ನಾಳಗಳು ಒತ್ತೊತ್ತಾಗಿ. ಹತ್ತು ಒಂದು ಕಡೆ, ಇದೊಂದು ಬೇರೆ ಕಡೆ. ಯಾರಾದರೂ ಬಿಡುತ್ತಿದ್ದದ್ದು ಇದನ್ನೇ.

ಫ್ರಿಜ್ಜಿನಲ್ಲಿ ಹಳೆಯ ದ್ರಾವಣದ ಬಾಟಲಿಗಳು ಇನ್ನೂ ಇದ್ದವು. ಎಲ್ಲದರ ಚೀಟಿಯಲ್ಲೂ ನನ್ನ ಕೈಬರಹ, ಎಂಟರ ಚೀಟಿಯಲ್ಲಿ ಮೇಡಂದು. ಅದೇ ಉಪ್ಪು, ಅದೇ ನೀರು, ಅದೇ ತಕ್ಕಡಿ. ಆಡು ಕೂಡ ಅದೇ ಪೆರಾಬೆಯದ್ದು. ಬದಲಾದದ್ದು ಕೈ ಒಂದೇ. ನಾನು ಕುರ್ಚಿಯಲ್ಲಿ ಕೂತು ನನ್ನ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟು ನೋಡಿದೆ.

ಇಲ್ಲಿ ನನ್ನದೊಂದು ಅಭ್ಯಾಸ ಹೇಳಬೇಕು. ಕಿಣ್ವಕ್ಕೆ ಕೈಗವಸು ಹಾಕುವ ನಾನು ಉಪ್ಪು ತೂಗಲು ಹಾಕುತ್ತಿರಲಿಲ್ಲ. ಚಮಚದ ತುದಿಯಲ್ಲಿ ಉಳಿದ ಕೊನೆಯ ಹರಳುಗಳನ್ನು ಹೆಬ್ಬೆರಳಿನ ಉಗುರಿನಿಂದ ಕೆರೆದು ಬೀಳಿಸುವುದು ನನ್ನ ಕಲೆ. ಅಷ್ಟು ನಿಖರವಾಗಿ ಯಾರಿಗೂ ಬಾರದೆಂದು ಹೊಸಬರಿಗೆಲ್ಲ ತೋರಿಸುತ್ತಿದ್ದೆ. ಮತ್ತೆ ಇನ್ನೊಂದು ವಿಷಯ. ನನ್ನ ಹೆಂಡತಿಗೆ ದಿನಾ ಎಲೆಯಡಿಕೆ ಬೇಕಿತ್ತು. ಆಲೆಟ್ಟಿಯಿಂದ ನನ್ನ ಅಕ್ಕ ಪ್ರತಿ ವಾರ ಬಸ್ಸಿನಲ್ಲಿ ಒಂದು ಕಟ್ಟು ವೀಳ್ಯದೆಲೆ, ನಮ್ಮ ಮಾತಿನಲ್ಲಿ ಸೂಡಿ, ಕಳಿಸುತ್ತಿದ್ದಳು. ಸಾವಿನ ನಂತರವೂ ಸೂಡಿ ಬಂತು. ಅಕ್ಕನಿಗೆ ನಿಲ್ಲಿಸಲು ಮನಸ್ಸಾಗಲಿಲ್ಲವೋ ಏನೋ, ನಿಲ್ಲಿಸು ಎನ್ನಲು ನನಗೂ ಬಾಯಿ ಬರಲಿಲ್ಲ. ಎಲೆ ಬಾಡುತ್ತದಲ್ಲ ಎಂದು ಒಂದು ದಿನ ಹೆಂಡತಿಯ ತಟ್ಟೆ ಎದುರಿಟ್ಟುಕೊಂಡು ಒಂದು ಮಡಚಿ ಬಾಯಿಗೆ ಹಾಕಿದೆ. ಆಮೇಲೆ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಅದು ರೂಢಿಯಾಯಿತು. ಹೆಬ್ಬೆರಳಿನ ಉಗುರಿನಲ್ಲೇ ಎಲೆಯ ನಾರು ತೆಗೆಯುವುದು, ಅದೇ ಉಗುರಿನಲ್ಲಿ ಡಬ್ಬಿಯಿಂದ ಸುಣ್ಣ ತೆಗೆದು ಸವರುವುದು. ಬಾಯಿ ಮುಕ್ಕಳಿಸಿ ಕೈ ತೊಳೆದೇ ಬರುತ್ತಿದ್ದೆ. ಆದರೆ ಉಗುರಿನ ಸಂದಿಯಲ್ಲಿ ಒಣಗಿ ಕೂತ ಸುಣ್ಣ ಒಂದು ತೊಳೆತಕ್ಕೆ ಹೋಗುವುದಿಲ್ಲ. ಸುಣ್ಣವೆಂದರೆ ಕ್ಯಾಲ್ಸಿಯಂ.

ನಮ್ಮಲ್ಲಿ ನೀರಿನ ಗಡಸುತನ ನೋಡುವ ಬಣ್ಣದ ಹನಿ ಇದೆ. ಶುದ್ಧ ನೀರಿಗೆ ಹಾಕಿದರೆ ನೀಲಿ, ಕ್ಯಾಲ್ಸಿಯಂ ಇದ್ದರೆ ನೇರಳೆಗೆಂಪು. ನಮ್ಮ ದ್ರಾವಣಕ್ಕೇ ಹಾಕಿದರೆ ಅದರಲ್ಲಿರುವ ಮೆಗ್ನೀಸಿಯಂ ಉಪ್ಪಿಗೂ ಕೆಂಪಾಗುತ್ತದೆ, ಹಾಗಾಗಿ ಪರೀಕ್ಷೆ ಬರೀ ನೀರಿನಲ್ಲೇ ಆಗಬೇಕು. ಎರಡು ಬಟ್ಟಲಲ್ಲಿ ಶುದ್ಧ ನೀರು ತೆಗೆದುಕೊಂಡೆ. ಕೈ ತೊಳೆದೆ, ದಿನಾ ತೊಳೆಯುವಷ್ಟೇ. ಒಂದು ಬಟ್ಟಲಲ್ಲಿ ಹೆಬ್ಬೆರಳು ಅದ್ದಿ ತೆಗೆದೆ. ಎರಡಕ್ಕೂ ಹನಿ ಹಾಕಿದೆ. ಮುಟ್ಟದ್ದು ನೀಲಿಯಾಗಿ ನಿಂತಿತು, ನಾನು ಮುಟ್ಟಿದ್ದು ಕೆಂಪಾಯಿತು. ಇನ್ನೊಮ್ಮೆ ಮಾಡಿದೆ. ಇನ್ನೊಮ್ಮೆ ಕೆಂಪಾಯಿತು.

ಮೂರು ತಿಂಗಳಿಂದ 'ಕ್ಯಾಲ್ಸಿಯಂ ಇಲ್ಲ' ಎಂದು ಚೀಟಿ ಅಂಟಿಸಿ ನಾನು ಕೊಡುತ್ತಿದ್ದದ್ದು ಕ್ಯಾಲ್ಸಿಯಂ ಇದ್ದ ನೀರು. ಕೋಶಗಳು ಸರಿಯಾಗಿ ಬಿಡದೆ, ಎಳೆದಾಟದಲ್ಲಿ ನಾಳ ಕಳೆದುಕೊಂಡು ಅರೆಜೀವವಾಗಿ ಬಂದಿದ್ದವು. ಅವನ್ನೇ ಮೇಡಂ ಆಡಿನ ಸ್ವಭಾವವೆಂದು ಬರೆಯುತ್ತಿದ್ದರು.

ಬಟ್ಟಲು ತೊಳೆದಿಟ್ಟು ಮನೆಗೆ ಹೋದೆ. ಉಗುರು ಕತ್ತರಿಸಿಕೊಂಡೆ. ಸುಮ್ಮನಿದ್ದರೆ ಏನೂ ಆಗುತ್ತಿರಲಿಲ್ಲ, ಇದನ್ನು ಮುಚ್ಚಿಟ್ಟು ಹೇಳುವುದಿಲ್ಲ. ಪ್ರಯೋಗ ಮುಗಿದಿದೆ, ಪ್ರಬಂಧ ಹೋಗುತ್ತದೆ, ಮೇಡಂಗೆ ಪದವಿ ಬರುತ್ತದೆ, ನನ್ನ ಹೆಸರು ಉಳಿಯುತ್ತದೆ. ಹೇಳಿದರೆ ಅವರ ಹತ್ತು ಹೃದಯ ಹೋಗುತ್ತದೆ, ಬಹುಶಃ ಐದು ವರ್ಷವೂ. ಹೇಳುವುದೇ ಅನ್ಯಾಯ ಎಂದೂ ಅನ್ನಿಸಿತು. ಆದರೆ ಅಡ್ಡಗೆರೆ ಎಳೆದ ಆ ಎಂಟನೆಯ ಸಾಲು ಕಣ್ಣಿಂದ ಹೋಗಲಿಲ್ಲ. ಇದ್ದ ಒಂದೇ ಒಂದು ನಿಜವನ್ನು ನನ್ನ ಕೈಯ ಕೊಳೆಗಾಗಿ ಅವರು ಹೊಡೆದು ಹಾಕಿದ್ದರು. ಅದು ನನಗೆ ಸಹಿಸಲಾಗಲಿಲ್ಲ. ಬಹಳ ದಿನಗಳ ಮೇಲೆ ಏನೋ ಒಂದು ಸಹಿಸಲಾಗಲಿಲ್ಲ.

ಬೆಳಿಗ್ಗೆ ಮೇಡಂ ಬಂದಾಗ ಮೇಜಿನ ಮೇಲೆ ಎರಡು ಬಟ್ಟಲು ಇಟ್ಟಿದ್ದೆ. ಸುಣ್ಣದ ಡಬ್ಬಿಯನ್ನೂ ಮನೆಯಿಂದ ತಂದಿದ್ದೆ.

"ಮೇಡಂ, ಒಂದು ವಿಷಯ ಉಂಟು. ಸ್ವಲ್ಪ ಕೂತ್ಕೊಳ್ಳಿ."

ಎಲ್ಲ ಹೇಳಿದೆ. ಅವರೆದುರೇ ಮಾಡಿಯೂ ತೋರಿಸಿದೆ. ಅವರು ಕೆಂಪು ಬಟ್ಟಲನ್ನು ನೋಡುತ್ತಾ ಇದ್ದರು. ಬೈಯುತ್ತಾರೆ ಎಂದುಕೊಂಡರೆ ಕೇಳಿದ್ದೇ ಬೇರೆ.

"ನೀವು ಎಲೆ ತಿಂತೀರಾ ಅಣ್ಣ?"

"ಮೂರು ತಿಂಗಳಾಯ್ತು."

"ಮೊದಲು ತಿಂತಿರ್ಲಿಲ್ಲ ಅಲ್ವಾ?"

"ಇಲ್ಲ. ಅವಳು ತಿಂತಿದ್ದದ್ದು."

ಅವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. "ಹತ್ತು ಹೃದಯ ಅಣ್ಣ. ಹತ್ತು! ಇಪ್ಪತ್ತೆರಡು ವರ್ಷ ಎಲ್ಲರಿಗೆ ಕೈ ತೊಳೆಯಿರಿ, ಕೈ ತೊಳೆಯಿರಿ ಅಂತ ಬೈದವರು ನೀವು. ನಿಮ್ಮನ್ನು ಬಿಟ್ಟು ಉಳಿದ ಎಲ್ಲರ ಮೇಲೆ ನನಗೆ ಸಂಶಯ ಬಂದಿತ್ತು. ಈಗ ಸ್ವಲ್ಪ ಹೊರಗೆ ಹೋಗಿ. ನನಗೆ ಸಿಟ್ಟು ಬರ್ತಾ ಉಂಟು."

ಹೊರಗೆ ಮೆಟ್ಟಿಲ ಮೇಲೆ ನಿಂತೆ. ಕೆಳಗಿನ ಅಂಗಡಿಯಲ್ಲಿ ಟೈಲ್ಸ್ ಕತ್ತರಿಸುವ ಸದ್ದು. ಅರ್ಧ ಗಂಟೆಯ ಮೇಲೆ ಬಾಗಿಲು ತೆರೆದು ಅವರು ಹೊರಗೆ ಬಂದರು, ಕಣ್ಣು ಕೆಂಪಾಗಿತ್ತು. ಇಬ್ಬರೂ ಮುಖ್ಯಸ್ಥರ ಕೋಣೆಗೆ ಹೋದೆವು.

"ಎಂತ ಮಾರಾಯ್ರೆ ನೀವು!" ಎಂದು ವಿಷಯ ಕೇಳಿದ ಮುಖ್ಯಸ್ಥರು ನನಗೆ ಒಂದೇ ಮಾತಿನಲ್ಲಿ ಮುಗಿಸಿದರು. ಆಮೇಲೆ ಮೇಡಂ ಕಡೆ ತಿರುಗಿ, "ಬದುಕಿದ ಕೋಶ ಬದುಕಿದ್ದೇ ಅಲ್ವಾ? ಅಳತೆಯಲ್ಲಿ ತಪ್ಪಿಲ್ಲ. ಒಂದು ಟಿಪ್ಪಣಿ ಹಾಕಿ ಸುಧಾರಿಸ್ಲಿಕ್ಕೆ ಆಗುದಿಲ್ವಾ?" ಎಂದರು.

"ಆಗುದಿಲ್ಲ ಸರ್," ಎಂದರು ಮೇಡಂ. "ನಾನು ಅಳೆದದ್ದು ಆಡಿನ ಹೃದಯವನ್ನಲ್ಲ, ನಾವು ಹಾಳು ಮಾಡಿದ ಕೋಶವನ್ನು. ಅದನ್ನು ನನ್ನ ಹೆಸರಲ್ಲಿ ನಾನು ಬರೆಯುದಿಲ್ಲ."

ಮುಖ್ಯಸ್ಥರು ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ದಿನ ಎಣಿಸಿದರು. "ಒಂಬತ್ತು ದಿನ ಉಂಟು. ಎಂಟನೆಯದರ ಜೊತೆಗೆ ಇನ್ನೂ ನಾಲ್ಕು ಒಳ್ಳೆ ಹೃದಯ ಸಿಕ್ಕಿದ್ರೆ ಪ್ರಬಂಧ ನಿಲ್ತದೆ. ಮೂರಾದ್ರೆ ನಿಲ್ಲುದಿಲ್ಲ. ಯೋಚನೆ ಮಾಡಿ."

"ಮಾಡಿ ಆಯ್ತು ಸರ್," ಎಂದರು ಮೇಡಂ.

ಒಂಬತ್ತು ದಿನದಲ್ಲಿ ದಿನಾ ಪೆರಾಬೆಗೆ ಹೋಗಿ ಬರುವುದು ಆಗದ ಮಾತು, ಅಲ್ಲಿ ದಿನಾ ಕೊಯ್ಯುವುದೂ ಇಲ್ಲ. ಕಾಕನ ಅಂಗಡಿಗೇ ಹೋಗಬೇಕು. ಅಂದೇ ಸಂಜೆ ಹೋದೆ. ಗಿರಾಕಿಗಳಿದ್ದರು. ಅವರ ಮುಂದೆಯೇ ಅಂದದ್ದು, ಅವರ ಮುಂದೆಯೇ ಹೇಳಬೇಕಿತ್ತು.

"ಕಾಕ, ನಿಮ್ಮ ಆಡಿನಲ್ಲಿ ಏನೂ ಇರ್ಲಿಲ್ಲ. ತಪ್ಪು ನನ್ನ ಕೈಯದ್ದು. ಎಲೆಗೆ ಹಾಕುವ ಸುಣ್ಣ ದ್ರಾವಣಕ್ಕೆ ಸೇರಿ ಎಲ್ಲ ಹಾಳಾದದ್ದು. ಹೊಟ್ಟೆಗೆ ಹಾಕಿಕೊಳ್ಳಿ."

ಅವರು ಕತ್ತಿ ಕೆಳಗಿಟ್ಟು ನನ್ನ ಕೈ ಹಿಡಿದು ಹೆಬ್ಬೆರಳನ್ನು ತಿರುಗಿಸಿ ನೋಡಿದರು. "ಇಷ್ಟು ಸುಣ್ಣಕ್ಕೆ ನನ್ನ ಆಡು ಹೆಣ ಆಯ್ತಾ ಗೌಡ್ರೆ?"

ನಾನು ಕೈಯನ್ನು ಅವರ ಹಿಡಿಯಲ್ಲೇ ಬಿಟ್ಟೆ.

"ನಾಳೆ ಆರಕ್ಕೆ ಬನ್ನಿ," ಎಂದರು. "ನಿಮಗಾಗಿ ಅಲ್ಲ, ಆ ಹುಡುಗಿಗಾಗಿ."

ದ್ರಾವಣಗಳನ್ನೆಲ್ಲ ಚೆಲ್ಲಿ ಹೊಸದಾಗಿ ಮಾಡಿದೆ. ತೂಗುವಾಗಲೂ ಕೈಗವಸು, ಪ್ರತಿ ಬಾಟಲಿಗೂ ಬಣ್ಣದ ಹನಿಯ ಪರೀಕ್ಷೆಗೆ ಪಕ್ಕದಲ್ಲಿ ಒಂದು ಬಟ್ಟಲು ನೀರು, ಆ ಬಟ್ಟಲಿಗೂ ಅದೇ ಕೈಗವಸು ಅದ್ದಿ ನೋಡುವುದು. ನೀಲಿ ಬಂದ ಮೇಲೆಯೇ ಮುಂದಿನ ಕೆಲಸ. ಮೊದಲ ದಿನ ನಳಿಗೆ ಕಟ್ಟುವಾಗ ನಾನು ದಾರ ಅತಿಯಾಗಿ ಬಿಗಿದು ನಾಳ ಹರಿಯಿತು, ಆ ಹೃದಯ ಹೋಯಿತು. ಮೇಡಂ ಪುಸ್ತಕದಲ್ಲಿ ಆ ದಿನಕ್ಕೆ ಗೆರೆ ಹೊಡೆದು ಮರುದಿನದ ಬಾಟಲಿಗಳಿಗೆ ಚೀಟಿ ಬರೆಯತೊಡಗಿದರು. ಮರುದಿನ ಮಾಂಸ ಬೆರಳಿಗೆ ಬೆಣ್ಣೆಯಂತೆ ಮೆದುವಾಯಿತು. ಸೋಸಿದರೆ ಚೂಪು ಮೂಲೆಯ ಕೋಶಗಳು. ಒಂದು. ಇನ್ನೊಂದು ದಿನ ಅರ್ಧದಲ್ಲಿ ಕರೆಂಟು ಹೋಗಿ, ಜನರೇಟರ್ ಹತ್ತುವುದರೊಳಗೆ ದ್ರಾವಣ ತಣ್ಣಗಾಯಿತು. ಶುಕ್ರವಾರ ಕಾಕನಿಗೆ ರಜೆ. ಆಮೇಲೆ ಎರಡು, ಮೂರು. ಎಂಟನೆಯ ದಿನ ಮತ್ತೆ ಒಂದು ಕೈಕೊಟ್ಟಿತು, ಆಡೇ ಮುದಿಯಾಗಿತ್ತು. ಉಳಿದದ್ದು ಒಂದು ದಿನ, ಬೇಕಾದದ್ದು ಒಂದು ಹೃದಯ.

ಆ ದಿನ ಕಾಕ ತಾವೇ ಆಡು ಆರಿಸಿ ಇಟ್ಟಿದ್ದರು. ಕಾಯುವಷ್ಟು ಕಾದು, ಆಮೇಲೆ ಹೃದಯ ತೆಗೆದು ಡಬ್ಬಿಗೆ ಹಾಕಿದರು. ನಾನು ನಳಿಗೆ ಕಟ್ಟಿದೆ. ದ್ರಾವಣ ಹರಿಯಿತು. ಕಿಣ್ವ ಹರಿಯಿತು. ಕ್ಯಾಲ್ಸಿಯಂ ಮರಳಿ ಕೊಡುವಾಗ ಗಡಿಯಾರ ನೋಡುತ್ತಾ ಹನಿ ಹನಿ ಬಿಟ್ಟೆ. ಹತ್ತು ಗಂಟೆಗೆ ಬಟ್ಟಲನ್ನು ಮೇಡಂ ಕೈಗೆ ಕೊಟ್ಟು ಬದಿಗೆ ಸರಿದೆ.

ಪರದೆ ಎಳೆದ ಕೋಣೆಯೊಳಗಿಂದ ಅವರ ದನಿ ಬಂತು. "ಬಂತು ಅಣ್ಣ! ನಾಲ್ಕಾಯ್ತು! ಬನ್ನಿ, ನೋಡಿ ಒಮ್ಮೆ. ಇಷ್ಟು ವರ್ಷದಲ್ಲಿ ಕೋಶ ಬಡಿಯುದನ್ನು ನೀವು ಒಂದು ದಿನವೂ ನೋಡ್ಲೇ ಇಲ್ಲ."

ಹೋದೆ. ಕಂಪ್ಯೂಟರಿನ ಪರದೆಯಲ್ಲಿ ಒಂದೇ ಒಂದು ಕೋಶ, ಕ್ಯಾಲ್ಸಿಯಂ ತಾಗಿದಲ್ಲಿ ಹೊಳೆಯುವ ಬಣ್ಣ ಕುಡಿಸಿದ್ದು. ಸೆಕೆಂಡಿಗೊಮ್ಮೆ ಸಣ್ಣ ವಿದ್ಯುತ್ ಕೊಟ್ಟಾಗ ಅಂಚಿನಿಂದ ನಡುವಿನವರೆಗೆ ಪೂರ್ತಿ ಒಟ್ಟಿಗೇ ಹಸಿರಾಗಿ ಬೆಳಗುತ್ತಿತ್ತು, ಕುಗ್ಗುತ್ತಿತ್ತು, ಕಪ್ಪಾಗುತ್ತಿತ್ತು. ಆಡು ಸತ್ತು ನಾಲ್ಕು ಗಂಟೆಯಾಗಿತ್ತು.

"ಈಗ ಇದನ್ನು ನೋಡಿ," ಎಂದು ಅವರು ಇನ್ನೊಂದು ಬಟ್ಟಲು ಇಟ್ಟರು. "ಅದೇ ಹೃದಯದ್ದು. ಹೋಲಿಸ್ಲಿಕ್ಕೆ ಅಂತ ಮದ್ದು ಹಾಕಿ ಇದರ ನಾಳ ಕಳಚಿದ್ದೇನೆ."

ಅಂಚುಗಳು ಬೆಳಗಿದವು. ನಡು ಕಪ್ಪಾಗಿಯೇ ಇತ್ತು. ಬೆಳಕು ಎರಡೂ ಬದಿಯಿಂದ ತೆವಳಿಕೊಂಡು ಒಳಗೆ ಬರುತ್ತಿತ್ತು.

"ನಡುವಿಗೆ ಮುಟ್ಟುದೇ ಇಲ್ವಾ ಮೇಡಂ?"

"ಮುಟ್ತದೆ ಅಣ್ಣ. ತಡವಾಗಿ ಮುಟ್ತದೆ. ಅದು ಅದರ ಕೈಲಾದಷ್ಟು ಮಾಡ್ತಾ ಉಂಟು."

ನಾನು ಇನ್ನೂ ನಾಲ್ಕೈದು ಬಡಿತ ನೋಡಿದೆ. ಪ್ರತಿ ಸಲವೂ ನಡು ಹಿಂದೆ ಬೀಳುತ್ತಿತ್ತು, ಪ್ರತಿ ಸಲವೂ ಬರುತ್ತಿತ್ತು. ಕೊನೆಯ ತಿಂಗಳುಗಳಲ್ಲಿ ನಾವು ಎಲ್ಲಿಗಾದರೂ ಹೊರಟರೆ ಅವಳು ನಾಲ್ಕು ಮೆಟ್ಟಿಲಿಗೊಮ್ಮೆ ನಿಲ್ಲುತ್ತಿದ್ದಳು. ನಾನು ಮೇಲೆ ನಿಂತು ಬೀಗದ ಕೈ ಅಲ್ಲಾಡಿಸುತ್ತಾ, "ಬೇಗ ಬಾ ಮಾರಾಯ್ತಿ, ಎಂತ ನಿನ್ನದು ದಿನಾ," ಎನ್ನುತ್ತಿದ್ದೆ. "ಬರ್ತಾ ಇದ್ದೇನಲ್ಲ," ಎನ್ನುತ್ತಿದ್ದಳು. ಒಮ್ಮೆಯೂ ಇಳಿದು ಹೋಗಿ ಅವಳ ಕೈ ಹಿಡಿಯಲಿಲ್ಲ ನಾನು. ಒಂದೇ ಒಂದು ಸಲ ಕೂಡ.

ಗಂಟಲಿನಿಂದ ಏನೋ ಸದ್ದು ಬಂತು, ನನ್ನದೇ ಎಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಕೈಯಲ್ಲಿ ಗವಸು ಇತ್ತು, ಕಣ್ಣು ಒರೆಸುವ ಹಾಗಿಲ್ಲ. ಕಣ್ಣೀರು ಮೂಗಿನ ಬದಿಯಿಂದ ಇಳಿದು ಗಲ್ಲದಿಂದ ಹನಿಯಾಗಿ ಬೀಳತೊಡಗಿತು.

ಮೇಡಂ ತಲೆಯೆತ್ತಿ ನನ್ನನ್ನು ನೋಡಿದರು. ಆಮೇಲೆ ಬಟ್ಟಲಿನ ಮೇಲೆ ತಮ್ಮ ಅಂಗೈ ಮರೆ ಹಿಡಿದರು.

"ಅಳಿ ಅಣ್ಣ," ಎಂದರು. "ಎಷ್ಟು ಬೇಕಾದ್ರೂ ಅಳಿ. ಸ್ವಲ್ಪ ಆಚೆ ನಿಂತು ಅಳಿ, ಅಷ್ಟೇ. ಕಣ್ಣೀರಲ್ಲೂ ಕ್ಯಾಲ್ಸಿಯಂ ಉಂಟು."

ನಾನು ಎರಡು ಹೆಜ್ಜೆ ಹಿಂದಕ್ಕೆ ಸರಿದು, ಗೋಡೆಗೆ ಬೆನ್ನು ಕೊಟ್ಟು, ಅತ್ತೆ. ಅವರು ಅಳತೆ ಮುಂದುವರಿಸಿದರು.